ಯಂತ್ರದ ಲೆಕ್ಕಕ್ಕೂ ತಾಳೆ ಬೇಕು

ಯಂತ್ರವು ಲೆಕ್ಕದಲ್ಲಿ ತಪ್ಪಲಾರದೆಂಬ ನಂಬಿಕೆ ಇಂದು ನಮ್ಮೆಲ್ಲರಲ್ಲಿಯೂ ಬೇರೂರಿದೆ. ನಾವು ಕಾಗದದ ಮೇಲೆ ಮಾಡಿದ ಭಾಗಾಕಾರವು ಗಣಕಯಂತ್ರದ ಉತ್ತರದೊಡನೆ ಹೊಂದದಿದ್ದರೆ, ಒಡನೆಯೇ ನಮ್ಮ ಕಾಗದವನ್ನು ಹರಿದುಹಾಕುತ್ತೇವೆ. ಬಹುಮಟ್ಟಿಗೆ ಇದು ನ್ಯಾಯವೇ. ಆದರೆ ಯಾವಾಗಲೂ ನ್ಯಾಯವೆ? 1994ರಲ್ಲಿ ನಡೆದ ಒಂದು ಸಂಗತಿಯನ್ನು ವಿದ್ಯಾರ್ಥಿಗಳ ಮುಂದಿಟ್ಟು ಈ ಪ್ರಶ್ನೆಯನ್ನು ವಿಚಾರಿಸಬಯಸುತ್ತೇವೆ.

ಅಮೆರಿಕದ ವರ್ಜೀನಿಯಾ ಪ್ರಾಂತದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಥಾಮಸ್ ನೈಸ್ಲಿಯವರು ಅವಳಿ ಅವಿಭಾಜ್ಯ ಸಂಖ್ಯೆಗಳ, ಎಂದರೆ 11 ಮತ್ತು 13ರಂತೆ ಎರಡರ ಅಂತರವುಳ್ಳ ಅವಿಭಾಜ್ಯಗಳ, ವ್ಯುತ್ಕ್ರಮಗಳನ್ನು ಹಲವು ಗಣಕಗಳ ನೆರವಿನಿಂದ ಕೂಡುತ್ತಿದ್ದರು. ಆ ವರ್ಷ ಪೆಂಟಿಯಮ್ ಪ್ರೊಸೆಸರ್ ಉಳ್ಳ ಹೊಸ ಗಣಕವೊಂದು ಈ ಕೆಲಸಕ್ಕೆ ಸೇರಿತು. ಜೂನ್ ತಿಂಗಳಲ್ಲಿ ಮೊತ್ತಗಳು ಒಂದಕ್ಕೊಂದು ತಾಳೆಯಾಗದಿರುವುದು ಅವರ ಕಣ್ಣಿಗೆ ಬಿತ್ತು. ಅವರು ಒಮ್ಮೆಗೇ ಪ್ರೊಸೆಸರನ್ನು ದೂರಲಿಲ್ಲ. ಮೊದಲು ತಾವು ಬರೆದ ಕ್ರಮವಿಧಿಯನ್ನು ಶಂಕಿಸಿದರು. ತರುವಾಯ ಯಂತ್ರದ ಇತರ ಭಾಗಗಳನ್ನು ಶಂಕಿಸಿದರು. ಒಂದೊಂದೇ ಕಾರಣವನ್ನು ಪರೀಕ್ಷಿಸಿ ತಳ್ಳಿಹಾಕುತ್ತ ಬಂದಾಗ, 824633702441 ಎಂಬ ಸಂಖ್ಯೆಯ ವ್ಯುತ್ಕ್ರಮವನ್ನು ಹಿಂದಿನ ತಲೆಮಾರಿನ ಪ್ರೊಸೆಸರು ಸರಿಯಾಗಿಯೂ ಪೆಂಟಿಯಮ್ ತಪ್ಪಾಗಿಯೂ ಕೊಡುತ್ತಿರುವುದು ತಿಳಿಯಿತು. ಅಕ್ಟೋಬರ್ ತಿಂಗಳಲ್ಲಿ ಅವರು ತಯಾರಕರಾದ ಇಂಟೆಲ್ ಸಂಸ್ಥೆಗೂ, ಬಳಿಕ ಇತರ ವಿದ್ವಾಂಸರಿಗೂ ಇದನ್ನು ತಿಳಿಸಿದರು.

ದೋಷದ ಮೂಲ ಬಹು ಸರಳವಾದುದು. ನಾವು ಭಾಗಿಸುವಾಗ ಮಗ್ಗಿಯನ್ನು ನೆನೆದು ಭಾಗಲಬ್ಧದ ಮುಂದಿನ ಅಂಕವನ್ನು ಊಹಿಸುವಂತೆ, ಪೆಂಟಿಯಮ್ ಕೂಡ ತನ್ನೊಳಗೆ ಅಚ್ಚಾದ ಕೋಷ್ಟಕವೊಂದನ್ನು ನೋಡಿ ಅಂಕವನ್ನು ಆರಿಸುತ್ತದೆ. ಆ ಕೋಷ್ಟಕದ ಐದು ಮನೆಗಳಲ್ಲಿ 2 ಇರಬೇಕಾದೆಡೆ ಸೊನ್ನೆ ಉಳಿದುಬಿಟ್ಟಿತ್ತು. ಆ ಮನೆಗಳನ್ನು ಮುಟ್ಟುವ ಸಂದರ್ಭಗಳು ವಿರಳವಾದುದರಿಂದಲೇ ದೋಷವು ಬಹುಕಾಲ ಅಡಗಿತ್ತು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ದೋಷವುಳ್ಳ ಪ್ರೊಸೆಸರು 1.33373 ಎಂದಿತು. ಆ ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ ಭಾಜ್ಯದಿಂದ ಕಳೆದರೆ ಸೊನ್ನೆಗೆ ಬದಲು 256 ಉಳಿಯುತ್ತಿತ್ತು. ಪ್ರಾಥಮಿಕ ಶಾಲೆಯಲ್ಲಿ ನಾವೆಲ್ಲರೂ ಕಲಿತ ತಾಳೆಯೇ ಇಲ್ಲಿ ರೋಗಪರೀಕ್ಷೆಯಾಯಿತು!

ಇಂಟೆಲ್ ಸಂಸ್ಥೆಯ ತಜ್ಞರಿಗೆ ಈ ದೋಷ ಆ ವರ್ಷದ ಬೇಸಗೆಯಲ್ಲಿಯೇ ತಿಳಿದಿತ್ತು. ಆದರೆ ಕೊಂಡವರಿಗೆ ತಿಳಿಸಿರಲಿಲ್ಲ. ಸುದ್ದಿ ಹಬ್ಬಿದ ಮೇಲೆ, 900 ಕೋಟಿ ಭಾಗಾಕಾರಗಳಲ್ಲಿ ಒಮ್ಮೆ ಮಾತ್ರ ತಪ್ಪು ಬರುವುದೆಂದೂ, ಸಾಮಾನ್ಯ ಬಳಕೆದಾರನಿಗೆ ಅದು 27,000 ವರ್ಷಗಳಿಗೊಮ್ಮೆ ಎದುರಾದೀತೆಂದೂ ಸಂಸ್ಥೆ ವಾದಿಸಿತು. ಬದಲಿ ಬೇಕೆನ್ನುವವರು ತಮಗೆ ಅದರ ಅಗತ್ಯವಿದೆಯೆಂದು ತೋರಿಸಬೇಕೆಂದಿತು. ಐಬಿಎಂ ಸಂಸ್ಥೆಯ ಗಣನೆಯಂತೆ ಕೆಲವರಿಗೆ 24 ದಿನಗಳಿಗೊಮ್ಮೆ ತಪ್ಪು ಸಂಭವಿಸಬಹುದಾಗಿತ್ತು. ಕೊನೆಗೆ ಡಿಸೆಂಬರ್ 20ರಂದು, ಕೇಳಿದವರಿಗೆಲ್ಲ ಉಚಿತವಾಗಿ ಹೊಸ ಪ್ರೊಸೆಸರನ್ನು ಕೊಡುವುದಾಗಿ ಇಂಟೆಲ್ ಸಾರಿತು. ಇದಕ್ಕಾಗಿ ಅದು 47 ಕೋಟಿ 50 ಲಕ್ಷ ಡಾಲರುಗಳನ್ನು ನಷ್ಟಕ್ಕೆ ಬರೆದುಕೊಂಡಿತು.

ಅಷ್ಟೊಂದು ವಿರಳವಾದ ದೋಷಕ್ಕೆ ಇಷ್ಟು ವೆಚ್ಚ ಅತಿಯಾಯಿತೆಂದು ಕೆಲವರು ಹೇಳಬಹುದು. ಕಾಗುಣಿತ ತಿದ್ದಲಷ್ಟೇ ಗಣಕವನ್ನು ಬಳಸುವವನಿಗೆ ಈ ದೋಷ ಬಾಧಿಸದೆಂಬ ಮಾತು ಸುಳ್ಳಲ್ಲ. ಆದರೂ ನಾವು ಆ ವಾದವನ್ನು ಒಪ್ಪಲಾರೆವು. ಗಣಕವನ್ನು ಯಾವ ಕೆಲಸಕ್ಕೆ ಬಳಸುವನೆಂಬುದು ಕೊಂಡವನಿಗೆ ಗೊತ್ತೇ ಹೊರತು ಮಾರಿದವನಿಗಲ್ಲ. ತೂಕದ ಬಟ್ಟಿನಲ್ಲಿ ಊನವಿದೆಯೆಂದು ಬಲ್ಲ ವರ್ತಕನು, ಅದು ಅಲ್ಪವೆಂಬ ತೀರ್ಪನ್ನು ತಾನೇ ಕೊಟ್ಟುಕೊಳ್ಳುವುದು ಸಲ್ಲದು. ದೋಷವನ್ನು ಮೊದಲು ಪ್ರಕಟಿಸಬೇಕು. ಅದು ಅಲ್ಪವೋ ಅಧಿಕವೋ ಎಂಬುದನ್ನು ಬಳಸುವವನು ನಿರ್ಣಯಿಸಲಿ.

ಇದು ಮುಗಿದುಹೋದ ಕಥೆಯೂ ಅಲ್ಲ. 2021ರಲ್ಲಿ ಫೇಸ್‌ಬುಕ್ ಸಂಸ್ಥೆಯ ತಂತ್ರಜ್ಞರು ಇಂತಹುದೇ ಒಂದು ಅನುಭವವನ್ನು ಪ್ರಕಟಿಸಿದರು. 1.1ರ 53ನೆಯ ಘಾತದ ಪೂರ್ಣಾಂಕ 156. ಅವರ ಒಂದು ಪ್ರೊಸೆಸರಿನ ಒಂದೇ ಒಂದು ಘಟಕವು ಇದನ್ನು ಸೊನ್ನೆಯೆಂದು ಹೇಳುತ್ತಿತ್ತು. ಯಂತ್ರ ನಿಲ್ಲಲಿಲ್ಲ, ಎಚ್ಚರಿಕೆ ಕೊಡಲಿಲ್ಲ. ಅಳತೆ ಸೊನ್ನೆಯೆಂದು ಬಗೆದು ಕಡತಗಳನ್ನು ಬಿಟ್ಟುಹಾಕುತ್ತಿತ್ತು. ಕೆಟ್ಟುನಿಂತ ಯಂತ್ರಕ್ಕಿಂತ, ನಡೆಯುತ್ತಲೇ ಸುಳ್ಳಾಡುವ ಯಂತ್ರ ಹೆಚ್ಚು ಅಪಾಯಕರವಾದುದು.

ಆದಕಾರಣ, ಯಂತ್ರವನ್ನು ವೃಥಾ ಶಂಕಿಸಿರೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಮೊದಲು ನಿಮ್ಮ ಕೆಲಸವನ್ನೇ ಶಂಕಿಸಿರಿ. ಆದರೆ ಅಲ್ಲಿಗೇ ನಿಲ್ಲದಿರಿ. ಅದೇ ಲೆಕ್ಕವನ್ನು ಬೇರೊಂದು ಯಂತ್ರದಲ್ಲಿ, ಬೇರೊಂದು ವಿಧಾನದಲ್ಲಿ ಮಾಡಿರಿ. ಉತ್ತರಗಳು ಹೊಂದದಿದ್ದರೆ ಕಾರಣ ದೊರೆಯುವವರೆಗೂ ಬಿಡದಿರಿ. ನೈಸ್ಲಿಯವರ ಬಳಿ ಇದ್ದ ಸಾಧನವೆಂದರೆ ಇದೊಂದೇ. ಅದು ನಮ್ಮೆಲ್ಲರ ಬಳಿಯೂ ಇದೆ.