ಗಂಟಿನಲ್ಲಿ ಗಸಗಸೆ ಬೇಡ, ಅರಿವಿರಲಿ

ರಮಝಾನ್ ಸಮೀಪಿಸುತ್ತಿದ್ದಂತೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ಎಷ್ಟೋ ಮನೆಗಳಲ್ಲಿ ಒಂದು ಗಂಟು ಸಿದ್ಧವಾಗುತ್ತದೆ. ಬೇಸಿಗೆಯಲ್ಲಿ ಹೊಸೆದು ಒಣಗಿಸಿದ ಶಾವಿಗೆ, ಉತ್ತತ್ತಿ, ಒಣಕೊಬ್ಬರಿ, ಚಾರೋಳಿ, ಬೆಲ್ಲ, ಗಸಗಸೆ, ಕೆಲವೊಮ್ಮೆ ಖೋವಾ. ಮಗ ರಿಯಾದಿನಲ್ಲಿ ವಾಹನ ಚಾಲಕನಾಗಿರಬಹುದು, ಮಗಳು ಅಳಿಯನೊಡನೆ ಲಂಡನ್ನಿನಲ್ಲೋ ಮೆಲ್ಬರ್ನಿನಲ್ಲೋ ಸಂಸಾರ ಹೂಡಿರಬಹುದು. ಹಬ್ಬದ ದಿನ ಅವರ ಮನೆಯಲ್ಲೂ ಊರಿನ ಸುರಕುಂಬಾ ಕುದಿಯಲಿ ಎಂಬುದು ತಾಯಂದಿರ ಹಂಬಲ. ಈ ಪ್ರೀತಿಯನ್ನು ಯಾರೂ ಹಗುರವಾಗಿ ಕಾಣಲಾಗದು. ಆದರೆ ಗಂಟು ಕಟ್ಟುವ ಮುನ್ನ ನಾವು ಯೋಚಿಸಲೇಬೇಕಾದ ಕೆಲವು ಸಂಗತಿಗಳಿವೆ.

ಮೊದಲಿಗೆ ಧರ್ಮ ಮತ್ತು ರೂಢಿಗಳ ನಡುವಿನ ಅಂತರವನ್ನು ಅರಿಯೋಣ. ಸಿಹಿ ಮತ್ತು ಜೇನು ಪ್ರವಾದಿವರ್ಯರಿಗೆ(ಸ) ಪ್ರಿಯವಾಗಿದ್ದವು. ಈದುಲ್ ಫಿತ್ರ್‌ನ ನಮಾಝಿಗೆ ಹೊರಡುವ ಮುನ್ನ ಅವರು ಬೆಸ ಸಂಖ್ಯೆಯಲ್ಲಿ ಖರ್ಜೂರ ಸೇವಿಸುತ್ತಿದ್ದರು. ಆ ಸುನ್ನತ್ತನ್ನು ಪಾಲಿಸಲು ಬೇಕಾದ ಖರ್ಜೂರ ಇಂದು ಜಗತ್ತಿನ ಯಾವ ಮೂಲೆಯಲ್ಲೂ ಸಿಗುತ್ತದೆ. ಶಾವಿಗೆ, ಚಾರೋಳಿ, ಗಸಗಸೆ ನಮ್ಮ ಸೀಮೆಯ ರೂಢಿಗೆ ಸೇರಿದವು. ರೂಢಿ ಚೆಂದವೇ ಸರಿ, ಅದನ್ನು ಉಳಿಸಿಕೊಳ್ಳುವುದೂ ಒಳ್ಳೆಯದೇ. ಆದರೆ ರೂಢಿಯ ಸಲುವಾಗಿ ಒಬ್ಬ ಮನುಷ್ಯನನ್ನು ಅಪಾಯಕ್ಕೆ ನೂಕುವುದಾಗಲಿ, ಹಲಾಲಿನ ಎಲ್ಲೆಯನ್ನು ಅಲಕ್ಷಿಸುವುದಾಗಲಿ ಸಲ್ಲದು.

ಅಪಾಯ ಎಂಬ ಮಾತನ್ನು ನಾವು ಸುಮ್ಮನೆ ಬಳಸುತ್ತಿಲ್ಲ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ನಿರುಪದ್ರವಿಯಾಗಿ ಕುಳಿತಿರುವ ಗಸಗಸೆ ಅಫೀಮಿನ ಗಿಡದ ಬೀಜ. ಅದರ ಮೇಲೆ ಮಾದಕ ಅಂಶದ ಲವಲೇಶ ಉಳಿದಿರುವುದುಂಟು. ಆದ್ದರಿಂದ ಸೌದಿ ಅರೇಬಿಯಾ, ಯುಎಇ ಮತ್ತು ಸಿಂಗಪುರಗಳು ಪ್ರಯಾಣಿಕರು ಅದನ್ನು ತರುವುದನ್ನು ನಿಷೇಧಿಸಿವೆ. ಕೊಟ್ಟೂರಿನ ಸಂತೆಯಲ್ಲಿ ಯಾರ ಹಂಗೂ ಇಲ್ಲದೆ ಕೊಳ್ಳಬಹುದಾದ ನೂರು ಗ್ರಾಂ ಪೊಟ್ಟಣ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಮಾದಕವಸ್ತುವೆಂದು ಪರಿಗಣಿತವಾಗುತ್ತದೆ. ಗೊತ್ತಿರಲಿಲ್ಲ ಎಂಬ ಉತ್ತರ ಅಲ್ಲಿ ಕಾಪಾಡುವುದಿಲ್ಲ. ಸೌದಿಯಲ್ಲಿ ಜಾಯಿಕಾಯಿಯ ಮೇಲೂ ನಿರ್ಬಂಧವಿದೆ. ಉಮ್ರಾಕ್ಕೋ ಹಜ್ಜಿಗೋ ಹೊರಟ ಹಿರಿಯರ ಚೀಲದಲ್ಲಿ ಇಂತಹ ಪೊಟ್ಟಣವೊಂದು ಸಿಕ್ಕರೆ ಅವರ ಆರಾಧನೆಯ ದಿನಗಳು ವಿಚಾರಣೆಯಲ್ಲಿ ಕಳೆದುಹೋದಾವು.

ಇನ್ನೊಬ್ಬರ ಕೈಯಲ್ಲಿ ಕಳುಹಿಸುವ ಗಂಟಿನ ವಿಷಯವಂತೂ ಇನ್ನೂ ಸೂಕ್ಷ್ಮವಾದುದು. ಪಕ್ಕದ ಓಣಿಯ ಹುಡುಗ ಜಿದ್ದಾಕ್ಕೆ ಹೊರಟಿದ್ದಾನೆಂದು ತಿಳಿದೊಡನೆ ಹೊಲಿದು ಬಿಗಿದ ಪೊಟ್ಟಣವೊಂದನ್ನು ಅವನ ಕೈಗಿಡುವುದು ನಮ್ಮಲ್ಲಿ ಸಾಮಾನ್ಯ. ಒಯ್ಯುವವನ ಪಾಲಿಗೆ ಅದು ಅಮಾನತ್ತು. ಕಳುಹಿಸುವವರಿಗೂ ಅಮಾನತ್ತಿನ ಹೊಣೆಯಿದೆ ಎಂಬುದನ್ನು ನಾವು ಮರೆಯುತ್ತೇವೆ. ಒಳಗೇನಿದೆ ಎಂಬುದನ್ನು ಬಿಚ್ಚಿ ತೋರಿಸಿ ಒಪ್ಪಿಸುವುದು ಅವರ ಕರ್ತವ್ಯ. ಬಿಚ್ಚಿ ನೋಡಲು ಕೇಳುವುದು ಒಯ್ಯುವವನ ಹಕ್ಕು. ಅದನ್ನು ಅಪನಂಬಿಕೆಯೆಂದು ಭಾವಿಸಿ ಮುನಿಸಿಕೊಳ್ಳಬಾರದು. ಖೋವಾ, ಪೇಡೆಗಳ ವಿಷಯದಲ್ಲೂ ಎಚ್ಚರಿಕೆ ಅಗತ್ಯ. ಭಾರತದಿಂದ ಹಾಲಿನ ಪದಾರ್ಥಗಳನ್ನು ಹೊತ್ತು ಬ್ರಿಟನ್ ಅಥವಾ ಯುರೋಪಿನ ಒಕ್ಕೂಟದ ದೇಶಗಳನ್ನು ಪ್ರವೇಶಿಸುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಚೀಲದಲ್ಲಿರುವ ಆಹಾರವನ್ನೆಲ್ಲ ಘೋಷಿಸಬೇಕು. ಮರೆಮಾಚಿದರೆ ದಂಡ ಖಚಿತ.

ಇನ್ನು, ಪರದೇಶದ ಅಂಗಡಿಯಲ್ಲಿ ಸಿಗುವ ಪದಾರ್ಥಗಳ ಮಾತು. ಪವಿತ್ರ ಕುರ್‌ಆನ್ ಆಹಾರದ ಪ್ರಸ್ತಾಪ ಬಂದಾಗ ಹಲಾಲ್ ಮತ್ತು ತಯ್ಯಿಬ್ ಎಂಬ ಎರಡು ಗುಣಗಳನ್ನು ಜೊತೆಯಾಗಿ ಹೇಳುತ್ತದೆ. ಆಹಾರವು ಅನುಮತಿಸಲ್ಪಟ್ಟದ್ದಾಗಿರಬೇಕು, ಶುದ್ಧವೂ ಉತ್ತಮವೂ ಆಗಿರಬೇಕು. ಊರಿನಲ್ಲಿ ಹಿಟ್ಟು ಯಾವ ಗಿರಣಿಯದು, ತುಪ್ಪ ಯಾರ ಮನೆಯದು ಎಂಬುದು ನಮಗೆ ಗೊತ್ತಿರುತ್ತದೆ. ಅಲ್ಲಿ ಗೊತ್ತಿರುವುದು ಚೀಟಿಯ ಮೇಲಿನ ಅಕ್ಷರಗಳು ಮಾತ್ರ. ಹಾಗಾಗಿ ಆ ಚೀಟಿಯನ್ನು ಓದುವುದು ಸತ್ಯವಿಶ್ವಾಸಿಯ ಕರ್ತವ್ಯದ ಭಾಗವೇ ಆಗುತ್ತದೆ.

ಕೇಕು, ಪುಡಿಂಗು, ಬಿಸ್ಕತ್ತು ಮಾಡುವವರು ಮುಖ್ಯವಾಗಿ ನಾಲ್ಕನ್ನು ಗಮನಿಸಬೇಕು. ಮೊದಲನೆಯದು ಜೆಲಟಿನ್. ಯುರೋಪಿನಲ್ಲಿ ಅದರ ಬಹುಪಾಲು ಹಂದಿಯ ಚರ್ಮದಿಂದ ತಯಾರಾಗುತ್ತದೆ. ರಮಝಾನಿನಲ್ಲಿ ನಾವು ಬಳಸುವ ಚೈನಾ ಗ್ರಾಸ್ ಕಡಲ ಪಾಚಿಯಿಂದ ಬಂದದ್ದು. ಅಲ್ಲಿ ಅದು ಅಗರ್ ಅಥವಾ ಇ-406 ಎಂಬ ಹೆಸರಿನಲ್ಲಿ ಸಿಗುತ್ತದೆ. ಎರಡನೆಯದು ವೆನಿಲ್ಲಾ ಎಕ್ಸ್‌ಟ್ರಾಕ್ಟ್. ಅಮೆರಿಕದ ನಿಯಮದಂತೆ ಆ ಹೆಸರಿನಲ್ಲಿ ಮಾರುವ ದ್ರವದಲ್ಲಿ ಕನಿಷ್ಠ ಶೇಕಡಾ 35 ಮದ್ಯಸಾರ ಇರಬೇಕು. ಇದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ವೆನಿಲ್ಲಾ ಪುಡಿ ಅಥವಾ ಕಾಯಿಯನ್ನೇ ಬಳಸಿದರೆ ಆ ಪ್ರಶ್ನೆಯೇ ಉದ್ಭವಿಸದು. ಮೂರನೆಯದು ಲಾರ್ಡ್. ಇದು ಹಂದಿಯ ಕೊಬ್ಬು. ಜರ್ಮನಿಯ ಚೀಟಿಗಳಲ್ಲಿ ಶ್ಮಾಲ್ಟ್ಸ್ ಎಂಬ ಪದ ಕಂಡರೆ ಅದು ಯಾವ ಪ್ರಾಣಿಯ ಕೊಬ್ಬೆಂದು ವಿಚಾರಿಸಬೇಕು. ನಾಲ್ಕನೆಯದು ಇ-471. ಇದು ಸಸ್ಯಮೂಲದ್ದೂ ಆಗಿರಬಹುದು, ಪ್ರಾಣಿಮೂಲದ್ದೂ ಆಗಿರಬಹುದು. ಹಲಾಲ್ ಮುದ್ರೆಯನ್ನೋ ಸಸ್ಯಾಹಾರದ ಗುರುತನ್ನೋ ನೋಡಿ ತೀರ್ಮಾನಿಸಬೇಕು. ಸಂದೇಹಾಸ್ಪದವಾದುದರಿಂದ ದೂರ ಉಳಿದವನು ತನ್ನ ಧರ್ಮವನ್ನೂ ಮಾನವನ್ನೂ ಕಾಪಾಡಿಕೊಂಡನೆಂಬ ಪ್ರವಾದಿ(ಸ) ಬೋಧನೆ ಅಂಗಡಿಯ ಕಪಾಟಿನ ಮುಂದೆಯೂ ಅನ್ವಯಿಸುತ್ತದೆ.

ಹಾಗಾದರೆ ಊರಿನ ರುಚಿಯನ್ನು ಬಿಟ್ಟುಬಿಡಬೇಕೇ? ಖಂಡಿತ ಇಲ್ಲ. ಅಲ್ಲಿ ಸಿಗುವುದರಲ್ಲೇ ಅದನ್ನು ಪಡೆಯಲು ಸಾಧ್ಯವಿದೆ. ಅರಬ್ ಅಂಗಡಿಗಳಲ್ಲಿ ಅನ್ನಕ್ಕೆ ಬೆರೆಸಲು ಮಾರುವ ಶಇರಿಯಾ ಗೋಧಿಯ ಶಾವಿಗೆಯೇ. ನಮ್ಮದಕ್ಕಿಂತ ದಪ್ಪವಾದ್ದರಿಂದ ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಹುರಿದರಾಯಿತು. ಅವರ ಸಮೀದ್ ನಮ್ಮ ರವೆಗೆ ಸಮ. ಒಂದು ಬಟ್ಟಲು ಕೆನೆಭರಿತ ಹಾಲಿನ ಪುಡಿಗೆ ಅರ್ಧ ಬಟ್ಟಲು ಹಾಲು, ಎರಡು ಚಮಚ ತುಪ್ಪ ಸೇರಿಸಿ ತಳ ಹತ್ತದಂತೆ ಕೆದಕಿದರೆ ಹತ್ತು ನಿಮಿಷದಲ್ಲಿ ಖೋವಾ ಸಿದ್ಧ. ಉಪ್ಪಿಲ್ಲದ ಬೆಣ್ಣೆಯನ್ನು ಕಾಯಿಸಿದರೆ ತುಪ್ಪ. ಗಸಗಸೆಯಿಂದ ಬರುವ ಮಂದತೆಯನ್ನು ನೆನೆಸಿ ರುಬ್ಬಿದ ಬಾದಾಮಿ ಅಥವಾ ಗೋಡಂಬಿ ಕೊಡುತ್ತದೆ. ಚಾರೋಳಿಯ ಬದಲು ಸಣ್ಣಗೆ ಹೆಚ್ಚಿದ ಬಾದಾಮಿ ಸಾಕು. ಲ್ಯಾಟಿನ್ ಅಮೆರಿಕದವರ ಅಂಗಡಿಯ ಪನೆಲಾ ಕಬ್ಬಿನ ಹಾಲನ್ನು ಕಾಯಿಸಿ ಅಚ್ಚು ಹೊಯ್ದದ್ದು. ಅದು ನಮ್ಮ ಬೆಲ್ಲವೇ. ಕಂದು ಸಕ್ಕರೆಯೆಂದು ಮಾರುವುದೆಲ್ಲ ಹಾಗಲ್ಲ. ಅದರಲ್ಲಿ ಹೆಚ್ಚಿನದು ಬಿಳಿ ಸಕ್ಕರೆಗೆ ಕಾಕಂಬಿ ಬೆರೆಸಿದ್ದು. ಹಿಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ: ಸೆಲ್ಫ್ ರೈಸಿಂಗ್ ಎಂದು ಬರೆದ ಹಿಟ್ಟಿನಲ್ಲಿ ಉಬ್ಬಿಸುವ ಪುಡಿ ಮೊದಲೇ ಬೆರೆತಿರುತ್ತದೆ. ಹೋಳಿಗೆಗೆ, ಚೊಂಗೆಗೆ ಅದು ಒಗ್ಗದು. ಜರ್ಮನಿಯಲ್ಲಿ 405 ಎಂಬ ಸಂಖ್ಯೆಯ ಹಿಟ್ಟು, ಇಟಲಿಯಲ್ಲಿ ಎರಡು ಸೊನ್ನೆಯ ಹಿಟ್ಟು ನಮ್ಮ ಮೈದಾಕ್ಕೆ ಹತ್ತಿರ.

ಇಷ್ಟಾದರೂ ಊರಿನ ರುಚಿ ಬರುವುದಿಲ್ಲ ಎಂದು ಕೆಲವರು ಹೇಳುವರು. ಅದು ನಿಜವೇ. ಆದರೆ ಊರಿನ ರುಚಿ ಎಂದು ನಾವು ಕರೆಯುವುದು ಎಲ್ಲಿಂದ ಬಂತು? ನಮ್ಮ ಹೊಲಗಳಲ್ಲಿ ಬೆಳೆಯುವ ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಕೊಟ್ಟೂರಿನ ಮಿರ್ಚಿಯ ಮೆಣಸಿನಕಾಯಿಯೂ ಪೋರ್ಚುಗೀಸರು ಬಂದ ಬಳಿಕವೇ ಈ ನೆಲಕ್ಕೆ ಇಳಿದದ್ದು. ಸುರಕುಂಬಾದ ಮೂಲ ಹೆಸರಾದ ಶೀರ್ ಖುರ್ಮಾ ಎಂಬುದೇ ಪಾರಸಿ ಪದ. ಹಾಲು ಮತ್ತು ಖರ್ಜೂರ ಎಂದು ಅದರ ಅರ್ಥ. ದೂರದಿಂದ ಬಂದುದನ್ನು ನಮ್ಮ ಹಿರಿಯರು ತಮ್ಮ ಒಲೆಗೆ ಒಗ್ಗಿಸಿಕೊಂಡರು. ಪರದೇಶದಲ್ಲಿರುವ ಮಕ್ಕಳೂ ಅದನ್ನೇ ಮಾಡಬಲ್ಲರು. ಆದರೆ ಅವರಿಗೆ ಮೂಲ ವಿಧಾನ ತಿಳಿದಿರಬೇಕು.

ನಮ್ಮ ಅಭಿಪ್ರಾಯದಲ್ಲಿ ನಿಜವಾಗಿ ಕಳುಹಿಸಬೇಕಾದದ್ದು ಅದನ್ನೇ. ಅಜ್ಜಿಯರು ಚಟಾಕು, ಪಾವು, ಬೊಗಸೆಗಳಲ್ಲಿ ಅಳೆಯುತ್ತಾರೆ. ಮೊಮ್ಮಗಳಿಗೆ ಆ ಅಳತೆ ಅರ್ಥವಾಗದು. ಅವರು ಕೈಯಳತೆಯಲ್ಲಿ ಹಾಕುವುದನ್ನು ಒಮ್ಮೆ ತೂಗಿ ಗ್ರಾಂಗಳಲ್ಲಿ ಬರೆದಿಡುವ ಕೆಲಸವನ್ನು ಪ್ರತಿ ಮನೆಯೂ ಮಾಡಲಿ. ಚಮಚದ ಅಳತೆಯೂ ಎಲ್ಲೆಡೆ ಒಂದೇ ಅಲ್ಲ. ಆಸ್ಟ್ರೇಲಿಯಾದ ದೊಡ್ಡ ಚಮಚ 20 ಮಿಲಿಲೀಟರ್, ಬ್ರಿಟನ್ನಿನದು 15. ಊರಿನ ಮಸೀದಿ ಸಮಿತಿಗಳು ಕೊಲ್ಲಿಗೆ ಹೊರಡುವವರಿಗೆ, ಉಮ್ರಾ ಯಾತ್ರಿಕರಿಗೆ ನಿಷಿದ್ಧ ವಸ್ತುಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಲಿ. ಜುಮುಅದ ಬಳಿಕ ಐದು ನಿಮಿಷ ಇದಕ್ಕಾಗಿ ಮೀಸಲಿಟ್ಟರೆ ಒಂದು ಕುಟುಂಬವಾದರೂ ಸಂಕಟದಿಂದ ಪಾರಾದೀತು.

ಪರದೇಶದಲ್ಲಿರುವ ನಮ್ಮ ಮಕ್ಕಳ ಗಳಿಕೆಯನ್ನೂ ಆಹಾರವನ್ನೂ ಅಲ್ಲಾಹನು ಹಲಾಲ್ ಮತ್ತು ತಯ್ಯಿಬ್ ಆಗಿಸಲಿ, ಅವರನ್ನು ಸುರಕ್ಷಿತವಾಗಿ ಮನೆಗೆ ಮರಳಿಸಲಿ. ಆಮೀನ್.