ನಂದಿತಾ ದಾಸ್ ನಮ್ಮವರೇ?

'ದೇವೀರಿ' ಚಿತ್ರ ತೋರಿಸಿ ಮುಗಿಸಿದ್ದೆವು. ಹಾಸ್ಟೆಲಿನ ಊಟದ ಹಾಲು, ಗೋಡೆಗೆ ಕಟ್ಟಿದ ಬಿಳಿ ಪಂಚೆ, ಬಾಡಿಗೆಗೆ ತಂದ ಪ್ರೊಜೆಕ್ಟರು. ಆಮೇಲೆ ರೂಢಿಯ ಚರ್ಚೆ. ಚರ್ಚೆ ಅಂದರೆ ನಾವು ನಾಲ್ಕು ಜನ ಗಂಡಸರು ಒಬ್ಬರಾದ ಮೇಲೊಬ್ಬರು ಎದ್ದು ಭಾಷಣ ಮಾಡೋದು. ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: 'ಸಾರ್, ಆ ಅಕ್ಕನ ಪಾರ್ಟು ಮಾಡಿದ್ದಾರಲ್ಲ, ಅವರು ನಮ್ಮೋರಾ?'

'ನಮ್ಮೋರು' ಅಂದರೇನು ಅಂತ ಆ ಹಾಲಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಲಂಕೇಶರ 'ಅಕ್ಕ' ಎಂಬ ಕಾದಂಬರಿಯನ್ನು ಅವರ ಮಗಳು ಕವಿತಾ ಲಂಕೇಶ್ 1999ರಲ್ಲಿ ಸಿನಿಮಾ ಮಾಡಿದರು. ಬೆಂಗಳೂರಿನ ಕೊಳೆಗೇರಿಯ ಹುಡುಗ ಕ್ಯಾತ, ಅವನ ಅಕ್ಕ ದೇವೀರಿ. ದೇವೀರಿಯಾದವರು ನಂದಿತಾ ದಾಸ್. ಪರದೆಯ ಮೇಲೆ ಆ ಕಪ್ಪು ಮುಖ, ಆ ನಡಿಗೆ, ಆ ಹರಕು ಸೀರೆ ನೋಡಿದ ನಮ್ಮ ಹುಡುಗಿಗೆ ಅವರು ಪಕ್ಕದ ಗುಡಿಸಲಿನವರಂತೆ ಕಂಡರು. ಅದು ನಟಿಯ ಗೆಲುವು, ಒಪ್ಪೋಣ. ಆದರೆ ಹುಡುಗಿಯ ಪ್ರಶ್ನೆಗೆ ಉತ್ತರ 'ಅಲ್ಲ' ಅಂತಲೇ. ನಂದಿತಾ ದಾಸ್ ದೆಹಲಿಯಲ್ಲಿ ಬೆಳೆದವರು. ತಂದೆ ಜತಿನ್ ದಾಸ್ ಹೆಸರಾಂತ ಚಿತ್ರಕಾರರು, ತಾಯಿ ವರ್ಷಾ ದಾಸ್ ಲೇಖಕಿ. ಮನೆಯಲ್ಲಿ ಪುಸ್ತಕ, ಬಣ್ಣ, ಇಂಗ್ಲಿಷು, ದೊಡ್ಡವರ ಒಡನಾಟ.

ಅವರು ಮಾಡಿದ ಪಾತ್ರಗಳನ್ನು ಒಮ್ಮೆ ನೋಡಿ. 'ಅರ್ಥ್'ನಲ್ಲಿ ಮಗು ನೋಡಿಕೊಳ್ಳುವ ಆಯಾ. 'ಬವಂಡರ್'ನಲ್ಲಿ ರಾಜಸ್ಥಾನದ ಕುಂಬಾರ ಹೆಂಗಸು. 'ಲಾಲ್ ಸಲಾಂ'ನಲ್ಲಿ ಆದಿವಾಸಿ. ಮಹಾಶ್ವೇತಾ ದೇವಿಯವರ ಕಥೆಯ ಮೇಲೆ ಚಿತ್ರಾ ಪಾಲೇಕರ್ ಮಾಡಿದ ಮರಾಠಿ ಚಿತ್ರ 'ಮಾತಿ ಮಾಯ್'ನಲ್ಲಿ ಸತ್ತ ಕೂಸುಗಳನ್ನು ಹೂಳುವ ಕಸುಬಿನ ಚಂಡಿ. ನಮ್ಮಲ್ಲಿ ದೇವೀರಿ. ಯಾಕೆ ಇವೇ? ಆ ನಟಿ ಚೆನ್ನಾಗಿ ಮಾಡುತ್ತಾರೆ ಅನ್ನೋದು ಅರ್ಧ ಉತ್ತರ. ಇನ್ನರ್ಧ ಅವರೇ ಬಾಯಿಬಿಟ್ಟು ಹೇಳಿದ್ದಾರೆ: ಓದಿದ, ಪೇಟೆಯ, ಉಳ್ಳವರ ಮನೆಯ ಹೆಣ್ಣಿನ ಪಾತ್ರ ಬಂದ ಕೂಡಲೇ ಮುಖ ಸ್ವಲ್ಪ ಬೆಳ್ಳಗೆ ಮಾಡಿಕೊಳ್ಳಿ ಅನ್ನುತ್ತಾರೆ. ಹಳ್ಳಿಯವಳ ಪಾತ್ರಕ್ಕಾದರೆ ಇದ್ದ ಬಣ್ಣವೇ ಸಾಕು!

ಅಂದರೆ ಸಿನಿಮಾದವರ ಪಂಚಾಂಗದಲ್ಲಿ ಕಪ್ಪು ಅಂದರೆ ಬಡವಿ, ಕಪ್ಪು ಅಂದರೆ ಕೆಳಜಾತಿ. ಈ ಸುಳ್ಳನ್ನು ಬಾಬಾಸಾಹೇಬರು 1940ರ ದಶಕದಲ್ಲೇ ಪುಸ್ತಕ ಬರೆದು ಒಡೆದು ಹಾಕಿದ್ದರು. ಬ್ರಾಹ್ಮಣ ಬೇರೆ ಬುಡದವನು, ಅಸ್ಪೃಶ್ಯ ಬೇರೆ ಬುಡದವನು ಎಂಬ ವಾದವನ್ನು ಅವರು ಒಪ್ಪಲಿಲ್ಲ. ಒಂದು ಸೀಮೆಯ ಬ್ರಾಹ್ಮಣನಿಗೂ ಅದೇ ಸೀಮೆಯ ಅಸ್ಪೃಶ್ಯನಿಗೂ ರಕ್ತದಲ್ಲಿ ಭೇದವಿಲ್ಲ, ಜಾತಿ ಮನುಷ್ಯ ಮಾಡಿದ್ದು ಅಂದರು. ನಮ್ಮ ಕೇರಿಗಳಲ್ಲೇ ಕೆಂಚ, ಕೆಂಪಮ್ಮ, ಬಿಳಿಗಿರಿ ಎಷ್ಟು ಜನರಿಲ್ಲ? ಅಗ್ರಹಾರದಲ್ಲಿ ಕಪ್ಪಗಿದ್ದವರು ಕಡಿಮೆಯೇ? ಆದರೂ ಮೇಕಪ್ಪಿನವನ ಕುಂಚಕ್ಕೆ ಮಾತ್ರ ಎಲ್ಲರ ಜಾತಿ ಗೊತ್ತು. ಅದು ಎರಡೂ ಕಡೆ ಬಳಿಯುತ್ತದೆ. ನಂದಿತಾ ದಾಸರನ್ನು ಬೆಳ್ಳಗೆ ಮಾಡು ಅನ್ನುವ ಅದೇ ಕುಂಚ 'ಬಾಲಾ' ಚಿತ್ರದಲ್ಲಿ (2019) ಭೂಮಿ ಪೆಡ್ನೇಕರ್ ಮುಖಕ್ಕೆ ಕಪ್ಪು ಮೆತ್ತಿತು. ನಿಜಕ್ಕೂ ಕಪ್ಪಗಿದ್ದ ಹುಡುಗಿಗೆ ಅಲ್ಲೂ ಕೆಲಸವಿಲ್ಲ, ಇಲ್ಲೂ ಕೆಲಸವಿಲ್ಲ.

2013ರಲ್ಲಿ ನಂದಿತಾ ದಾಸ್ 'ಡಾರ್ಕ್ ಈಸ್ ಬ್ಯೂಟಿಫುಲ್' ಎಂಬ ಆಂದೋಲನಕ್ಕೆ ಮುಖವಾಗಿ ನಿಂತರು. ಮುಖಕ್ಕೆ ಹಚ್ಚುವ ಬಿಳಿ ಮುಲಾಮಿನ ವಿರುದ್ಧ ಮಾತಾಡಿದರು. 1975ರಿಂದ ಈ ದೇಶದ ಹೆಣ್ಣುಮಕ್ಕಳಿಗೆ ನಾಚಿಕೆ ಮಾರಿದ 'ಫೇರ್ ಅಂಡ್ ಲವ್ಲಿ' 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಇಟ್ಟುಕೊಂಡಿತು. ಡಬ್ಬಿ ಅದೇ, ವ್ಯಾಪಾರ ಅದೇ. ಆ ಆಂದೋಲನ ಒಳ್ಳೆಯದೇ. ನಮ್ಮ ತಕರಾರು ಬೇರೆ. ಕಪ್ಪೂ ಚೆಂದ ಅಂತ ಹೇಳಿದರೆ ಸೌಂದರ್ಯದ ಲೆಕ್ಕ ಸರಿಹೋಗಬಹುದು. ನಮ್ಮ ಹುಡುಗಿ ಚೆಂದದ ಸರ್ಟಿಫಿಕೇಟು ಕೇಳಿರಲಿಲ್ಲ. ಆಕೆ ಕೇಳಿದ್ದು ಆ ಜಾಗದಲ್ಲಿ ನಿಂತವರು ಯಾರು ಅಂತ.

ಇಲ್ಲಿ ಭಂವರಿ ದೇವಿಯ ಮಾತು ಬರಲೇಬೇಕು. 'ಬವಂಡರ್' ಆಕೆಯ ಬದುಕನ್ನೇ ಆಧರಿಸಿ 2000ದಲ್ಲಿ ಬಂದ ಚಿತ್ರ. ರಾಜಸ್ಥಾನದ ಭಟೇರಿ ಗ್ರಾಮದ ಕುಂಬಾರ ಜಾತಿಯ ಹೆಂಗಸು, ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ 'ಸಾಥಿನ್'. ಮೇಲುಜಾತಿಯ ಮನೆಯೊಂದರ ಬಾಲ್ಯವಿವಾಹ ತಡೆಯಲು ಹೋದ ತಪ್ಪಿಗೆ 1992ರಲ್ಲಿ ಆಕೆಯ ಮೇಲೆ ಗುಂಪು ಅತ್ಯಾಚಾರವಾಯಿತು. 1995ರಲ್ಲಿ ಜೈಪುರದ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಮೇಲುಜಾತಿಯವರು ಕೆಳಜಾತಿಯವಳನ್ನು ಮುಟ್ಟಿ ಮೈಲಿಗೆಯಾಗುತ್ತಾರೆಯೇ ಎಂಬ ಧಾಟಿಯ ಮಾತು ಆ ತೀರ್ಪಿನಲ್ಲಿತ್ತು ಅಂತ ದೇಶವೆಲ್ಲ ಓದಿತು. ನೀರು ಮುಟ್ಟಿದರೆ ಮೈಲಿಗೆ, ಬಾವಿ ಮುಟ್ಟಿದರೆ ಮೈಲಿಗೆ, ಹೆಂಗಸಿನ ಮೈಗೆ ಮಾತ್ರ ಯಾವ ರಾತ್ರಿ ಮೈಲಿಗೆ ಇತ್ತು ಸ್ವಾಮಿ? ಆಕೆಯ ಪ್ರಕರಣದಿಂದಲೇ ಹೆಂಗಸರ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ಮಾರ್ಗಸೂಚಿ ಬಂತು. ಇವತ್ತು ಆಫೀಸುಗಳಲ್ಲಿ, ಶೂಟಿಂಗ್ ಜಾಗಗಳಲ್ಲಿ ಯಾವ ನಟಿ ದೂರು ಕೊಡುವಂತಿದ್ದರೂ ಅದು ಆ ಕುಂಬಾರಗಿತ್ತಿ ಹಾಕಿಕೊಟ್ಟ ದಾರಿ. ಆಕೆಯ ಮೇಲ್ಮನವಿ ಮಾತ್ರ ಹೈಕೋರ್ಟಿನಲ್ಲಿ ದಶಕಗಟ್ಟಲೆ ಕೊಳೆಯಿತು.

ಸಿನಿಮಾದಲ್ಲಿ ಆಕೆಗೆ ಇಟ್ಟ ಹೆಸರು ಸಾಂವರಿ. ಹಿಂದಿಯಲ್ಲಿ ಹಾಗೆಂದರೆ ಕಪ್ಪಗಿನವಳು. ಮತ್ತೆ ಅದೇ ಬಣ್ಣ!

ಇಷ್ಟಾದ ಮೇಲೆ ಈ ನಟಿ ಏನು ಮಾಡಿದರು ಅನ್ನೋದು ಮುಖ್ಯ. ಬೇರೆಯವರು ಬರೆದ ಹೆಂಗಸಾಗಿ ನಿಂತು ನಿಂತು ಸಾಕಾಗಿ ಕ್ಯಾಮೆರಾದ ಹಿಂದಕ್ಕೆ ಹೋದರು, ಕೈಗೆ ಪೆನ್ನು ತೆಗೆದುಕೊಂಡರು. 2008ರ 'ಫಿರಾಕ್' ಅವರ ಮೊದಲ ಚಿತ್ರ. ಶುಚಿ ಕೊಠಾರಿ ಜೊತೆ ಸೇರಿ ತಾವೇ ಬರೆದದ್ದು. ಗುಜರಾತಿನ 2002ರ ಹತ್ಯಾಕಾಂಡ ಮುಗಿದು ಒಂದು ತಿಂಗಳಾದ ಮೇಲಿನ ಒಂದು ಹಗಲು, ಒಂದು ರಾತ್ರಿ. ಅದರಲ್ಲಿ ಆರತಿ ಎಂಬ ಮಧ್ಯಮವರ್ಗದ ಗೃಹಿಣಿ ಇದ್ದಾಳೆ, ದೀಪ್ತಿ ನವಲ್ ಮಾಡಿದ್ದಾರೆ. ಗಲಭೆಯ ದಿನ ಒಬ್ಬ ಮುಸ್ಲಿಂ ಹೆಂಗಸು ಬಂದು ಬಾಗಿಲು ಬಡಿದಾಗ ಈಕೆ ತೆಗೆದಿರಲಿಲ್ಲ. ಈಗ ಅಡಿಗೆಮನೆಯಲ್ಲಿ ನಿಂತು ಕುದಿಯುವ ಎಣ್ಣೆಯಿಂದ ತನ್ನ ಕೈ ತಾನೇ ಸುಟ್ಟುಕೊಳ್ಳುತ್ತಾಳೆ.

ಗೆಳೆಯರೇ, ಈ ಅಡಿಗೆಮನೆಯನ್ನು ನಾವು ಗಮನಿಸಬೇಕು. 2002ರ ಮಾತು ಬಂದಾಗಲೆಲ್ಲ ದೊಡ್ಡ ಮನುಷ್ಯರು ಬೆರಳು ತೋರಿಸುವುದು ಎಲ್ಲಿಗೆ? ಕತ್ತಿ ಹಿಡಿದ ದಲಿತ ಹುಡುಗ, ಬೆಂಕಿ ಇಟ್ಟ ಆದಿವಾಸಿ ಹುಡುಗ. ನಮ್ಮ ಹುಡುಗರು ಕೆಲವರು ಆ ಪಡೆಯಲ್ಲಿ ಕಾಲಾಳುಗಳಾದದ್ದು ನಿಜ, ಅದು ನಮ್ಮ ತಲೆ ತಗ್ಗಿಸುವ ವಿಷಯ. ಆದರೆ ಬೆಂಕಿಪೊಟ್ಟಣ ಕೊಟ್ಟವರು ಯಾರು, ಬಾಗಿಲು ಹಾಕಿಕೊಂಡವರು ಯಾರು? ಈ ನಿರ್ದೇಶಕಿ ಪಾಪವನ್ನು ಕೇರಿಗೆ ಹೊರಿಸಲಿಲ್ಲ. ಟೈಲ್ಸು ಹಾಕಿದ, ದೇವರಮನೆ ಇರುವ, ಅಳತೆಯ ಮಾತಾಡುವ ಮನೆಯೊಳಕ್ಕೆ ತಂದು ಇಟ್ಟರು. ತಾವು ಬಲ್ಲ ವರ್ಗವನ್ನೇ ಸುಟ್ಟು ತೋರಿಸಿದರು. ಅವರು ಮಾಡಿದ ಎಲ್ಲ ಕೆಲಸದಲ್ಲಿ ನಮಗೆ ಹೆಚ್ಚು ಬೆಲೆಯುಳ್ಳದ್ದು ಇದೇ. ಹರಕು ಸೀರೆ ಉಟ್ಟ ಹತ್ತು ಪಾತ್ರಗಳಿಗಿಂತ ಈ ಒಂದು ಅಡಿಗೆಮನೆ ದೊಡ್ಡದು ಅಂತ ನಮ್ಮ ಅಭಿಪ್ರಾಯ.

ಆಮೇಲೆ ನಾಟಕ ಬರೆದರು, ಅಂಕಣ ಬರೆದರು. 2018ರಲ್ಲಿ 'ಮಂಟೊ' ಮಾಡಿದರು. ಅಶ್ಲೀಲ ಬರೆದ ಅಂತ ಕೋರ್ಟಿಗೆ ಎಳೆದಾಡಿದ ಆ ಲೇಖಕನ ಕಥೆ. ಮರುವರ್ಷ ಆ ಚಿತ್ರ ಮಾಡಿದ ಅನುಭವದ ಮೇಲೆ ಪುಸ್ತಕವನ್ನೂ ತಂದರು, ಇಂಗ್ಲಿಷಿನಲ್ಲಿ. 2023ರಲ್ಲಿ ತೆರೆಗೆ ಬಂದ 'ಜ್ವಿಗಾಟೊ'ದಲ್ಲಿ ಫ್ಯಾಕ್ಟರಿ ಕೆಲಸ ಕಳೆದುಕೊಂಡು ಭುವನೇಶ್ವರದ ಬೀದಿಗಳಲ್ಲಿ ಊಟದ ಪೊಟ್ಟಣ ಹೊತ್ತು ಮೋಟಾರ್ ಸೈಕಲ್ ಓಡಿಸುವ ಗಂಡ, ಮಾಲಿನಲ್ಲಿ ಕ್ಲೀನಿಂಗ್ ಕೆಲಸಕ್ಕೆ ಹೊರಡುವ ಹೆಂಡತಿ. ಸ್ಟಾರು, ರೇಟಿಂಗು ಎಂಬ ಕಾಣದ ಮೇಸ್ತ್ರಿಯ ಚಾವಟಿ. ನಮ್ಮ ಹುಡುಗರು ಬೆಂಗಳೂರಿನಲ್ಲಿ ಇವತ್ತು ಮಾಡುತ್ತಿರುವ ಕೂಲಿ ಇದೇ.

ಪತ್ರಿಕೆಗಳು ಇಂಥವರನ್ನು 'ದನಿಯಿಲ್ಲದವರ ದನಿ' ಅಂತ ಕರೆಯುತ್ತವೆ. ನಮಗೆ ಸಿಟ್ಟು ಬರುವುದು ಇಲ್ಲೇ. ದನಿಯಿಲ್ಲದವರು ಯಾರು? ನಮ್ಮವ್ವ ಬಾಯಿ ತೆಗೆದರೆ ಮೂರು ಕೇರಿಗೆ ಕೇಳಿಸುತ್ತದೆ. ಕೊಡದೆ ಇದ್ದದ್ದು ಮೈಕು. ನಂದಿತಾ ದಾಸ್ ಓದಿದ್ದು ಸಮಾಜಕಾರ್ಯ, ಬಣ್ಣ ಹಚ್ಚಿದ್ದು ಸಫ್ದರ್ ಹಾಶ್ಮಿಯವರ ಜನ ನಾಟ್ಯ ಮಂಚ್‌ನ ಬೀದಿ ನಾಟಕಗಳಲ್ಲಿ. ಸಿನಿಮಾ ಕಲಿತದ್ದು ಬೇರೆಯವರ ಕ್ಯಾಮೆರಾ ಮುಂದೆ ನಿಂತು. 'ಫಿರಾಕ್'ಗೆ ದುಡ್ಡು ಹಾಕುವಾಗ ಯಾರೂ ಅವರನ್ನು ಮೂರು ತಿಂಗಳು ತರಬೇತಿ ಮಾಡಿ ಬಾರಮ್ಮ ಅನ್ನಲಿಲ್ಲ. ಅನ್ನಲೂಬಾರದು.

ಆದರೆ ನಮಗೆ ಅನ್ನುತ್ತಾರೆ. 2025ರ ಆಗಸ್ಟಿನಲ್ಲಿ ತಿರುವನಂತಪುರದಲ್ಲಿ ಕೇರಳ ಸರ್ಕಾರ ಸಿನಿಮಾ ನೀತಿಯ ಸಮಾವೇಶ ನಡೆಸಿತು. ಅಲ್ಲಿ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದ ನಿರ್ದೇಶಕರಿಗೂ ಚಿತ್ರವೊಂದಕ್ಕೆ 1.5 ಕೋಟಿ ಕೊಡುವ ಯೋಜನೆ ಇದೆ. ದೇಶವೇ ಗೌರವಿಸುವ ಅಡೂರ್ ಗೋಪಾಲಕೃಷ್ಣನ್ ಎದ್ದು, ಇವರಿಗೆ ಮೊದಲು ಮೂರು ತಿಂಗಳ ತರಬೇತಿ ಬೇಕು, ದುಡ್ಡು ಜಾಸ್ತಿಯಾಯಿತು, 50 ಲಕ್ಷದಂತೆ ಹಂಚಿ ಅಂದರು. ಸಭೆಯಲ್ಲಿದ್ದ ಗಾಯಕಿ ಪುಷ್ಪವತಿ ಎದ್ದು ನಿಂತು ಪ್ರತಿಭಟಿಸಿದರು. ಒಬ್ಬ ಹೆಂಗಸಾದರೂ ಎದ್ದರಲ್ಲ ಅಂತ ನಾವು ಇಲ್ಲಿ ಚಪ್ಪಾಳೆ ತಟ್ಟಿದೆವು.

ಆ ಊರಿಗೆ ಇದು ಹೊಸದಲ್ಲ. ಮಲಯಾಳದ ಮೊದಲ ಚಿತ್ರ 'ವಿಗತಕುಮಾರನ್' ಅಲ್ಲೇ ತೆರೆಕಂಡಿತು. 1928 ಎಂದೂ 1930 ಎಂದೂ ಹೇಳುತ್ತಾರೆ. ಅದರ ನಾಯಕಿ ಪಿ.ಕೆ. ರೋಸಿ, ಪುಲಯರ ಹುಡುಗಿ. ಮಾಡಿದ್ದು ನಾಯರ್ ಹೆಂಗಸಿನ ಪಾತ್ರ. ಪುಲಯಳು ನಾಯರ್ ಆಗುವುದಾ ಅಂತ ಜನ ಪರದೆಗೆ ಕಲ್ಲು ಹೊಡೆದರು, ಆಕೆಯ ಗುಡಿಸಿಲಿಗೆ ಬೆಂಕಿ ಇಟ್ಟರು. ರೋಸಿ ತಮಿಳುನಾಡಿಗೆ ಓಡಿಹೋಗಿ ಹೆಸರು ಮರೆಸಿಕೊಂಡು ಬದುಕಿದರು. ಚಿತ್ರದ ಪ್ರತಿಯೂ ಉಳಿಯಲಿಲ್ಲ. ಮೇಲಿನವರು ಕೆಳಗಿನವರ ವೇಷ ಹಾಕಿದರೆ ಪ್ರಶಸ್ತಿ, ಕೆಳಗಿನವಳು ಮೇಲಿನವಳ ವೇಷ ಹಾಕಿದರೆ ಬೆಂಕಿ. ನಂದಿತಾ ದಾಸರ ದಾರಿಗೂ ರೋಸಿಯ ದಾರಿಗೂ ನಡುವೆ ಇರುವುದು ಪ್ರತಿಭೆಯ ಅಂತರ ಅಂತ ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ.

ಇಷ್ಟು ಬರೆದು ನಮ್ಮ ಅಂಗಳ ಗುಡಿಸದೆ ಹೋದರೆ ಅದು ಮೋಸ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದ ಮೇಲೆ ಕವಿಗಳು ಬಂದರು, ಕಥೆಗಾರರು ಬಂದರು, ಹಾಡು ಹಳ್ಳಿಹಳ್ಳಿಗೆ ಹೋಯಿತು. ಸಿನಿಮಾವನ್ನು ನಾವು ದುಡ್ಡಿದ್ದವರ ಆಟ ಅಂತ ಕೈಬಿಟ್ಟೆವು. ಈಗ ತಮಿಳಿನಲ್ಲಿ ಪ. ರಂಜಿತ್, ಮಾರಿ ಸೆಲ್ವರಾಜ್, ಮರಾಠಿಯಲ್ಲಿ ನಾಗರಾಜ ಮಂಜುಳೆ ಕ್ಯಾಮೆರಾ ಹಿಡಿದಿದ್ದಾರೆ, ಎದೆ ತುಂಬುತ್ತದೆ. ಆದರೆ ಎಲ್ಲರೂ ಗಂಡಸರು. ಮೆರವಣಿಗೆಯ ಮುಂದೆ ಹಾಡಲು ಹುಡುಗಿಯ ದನಿ ಬೇಕು, ಸಭೆ ಶುರುವಾದ ಮೇಲೆ ಮೈಕು ನಮಗೆ ಬೇಕು. ಕೇರಳದಂಥ ಯೋಜನೆ ಇಲ್ಲೂ ಬೇಕು ಅಂತ ಎಷ್ಟು ಸಲ ಬೀದಿಗಿಳಿದಿದ್ದೇವೆ?

ಆ ರಾತ್ರಿ ಹುಡುಗಿಗೆ ನಾವು ಹೇಳಿದ್ದು, 'ಅಲ್ಲಮ್ಮ, ನಮ್ಮೋರಲ್ಲ, ಆದರೆ ನಮ್ಮ ಪರವಾಗಿ ಇರೋರು' ಅಂತ. ಆಕೆ ತಲೆಯಾಡಿಸಿದಳು. ಪ್ರೊಜೆಕ್ಟರಿನ ವೈರು ಸುತ್ತುತ್ತಿದ್ದಾಗ ಹತ್ತಿರ ಬಂದು ಇನ್ನೊಂದು ಪ್ರಶ್ನೆ ಕೇಳಿದಳು: 'ಸಾರ್, ಸಿನಿಮಾ ತೆಗೆಯೋ ಕ್ಯಾಮೆರಾಕ್ಕೆ ದಿನಕ್ಕೆ ಬಾಡಿಗೆ ಎಷ್ಟು?'

ನಾಲ್ಕು ಜನ ಭಾಷಣಕಾರರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.