ಕಣ್ಣೀರಷ್ಟೇ ಸಾಲದು

ತರಗತಿಯಲ್ಲಿ "ತಪ್ಪಾಯಿತು ಸಾರ್" ಎಂಬ ಮಾತನ್ನು ನಾನು ಕೇಳದ ದಿನಗಳು ಕಡಿಮೆ. ಆದರೆ ಕದ್ದ ಪೆನ್ನನ್ನು ತಾನಾಗಿಯೇ ಒಡೆಯನ ಕೈಗೆ ಮರಳಿ ಕೊಟ್ಟ ಹುಡುಗ ಅಪರೂಪ. ದೊಡ್ಡವರಾದ ನಾವೂ ಆ ಮಕ್ಕಳಿಗಿಂತ ಬಹಳ ಮುಂದೆ ಹೋಗಿಲ್ಲ.

ಪಶ್ಚಾತ್ತಾಪವೆಂದರೆ ಆಮೇಲೆ ಸುಡುವ ಬೇಗೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದ ‘ಮೆತನೋಯಾ’ ಎಂಬುದಕ್ಕಾದರೋ ಮನಸ್ಸು ಬದಲಾಗುವುದೆಂದು ಅರ್ಥ. ಹೀಬ್ರೂವಿನ ‘ಶೂವ್’ ಧಾತುವಿಗೆ ಹಿಂದಿರುಗುವುದೆಂದು ಅರ್ಥ. ಬೇಗೆ ತಾನಾಗಿ ಆರೀತು, ಹಿಂದಿರುಗಬೇಕಾದರೆ ನಡೆಯಲೇಬೇಕು. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಸುಂಕದ ಜಕ್ಕಾಯನು ಅತ್ತನೆಂದು ಬರೆದಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯವಾಗಿ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಅವನು ಹೇಳಿದನು.

ಇಂಗ್ಲೆಂಡಿನ ಜಾನ್ ನ್ಯೂಟನ್ 1748ರ ಬಿರುಗಾಳಿಯಲ್ಲಿ, ನೀರು ತುಂಬುತ್ತಿದ್ದ ಹಡಗಿನಿಂದ ದೇವರನ್ನು ಕೂಗಿದನು. ಆಮೇಲೂ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿಯೇ ದುಡಿದು, ಅವುಗಳ ನಾಯಕನೂ ಆದನು. 1764ರಲ್ಲಿ ಪಾದ್ರಿಯಾದನು. ಆ ವ್ಯಾಪಾರದ ಕ್ರೌರ್ಯವನ್ನೂ ಅದರಲ್ಲಿ ತನ್ನ ಪಾಲನ್ನೂ ಪುಸ್ತಿಕೆಯೊಂದರಲ್ಲಿ ಬಹಿರಂಗವಾಗಿ ಒಪ್ಪಿಕೊಂಡದ್ದು 1788ರಲ್ಲಿ. ಅವನ ಮೊದಲ ಪ್ರಾರ್ಥನೆ ಸುಳ್ಳೆಂದು ನಾನು ಹೇಳಲಾರೆ. ಆದರೆ ನಡುವಿನ ನಲವತ್ತು ವರ್ಷಗಳ ಬೆಲೆ ತೆತ್ತವರು ಬೇರೆಯವರು.

ಕ್ಷಮೆ ದೇವರ ಕೃಪೆ. ಅದನ್ನು ಯಾರೂ ಕೊಂಡುಕೊಳ್ಳಲಾರರು. ಜಕ್ಕಾಯನ ನಾಲ್ಕರಷ್ಟು ಅದರ ಬೆಲೆಯಲ್ಲ, ಅದು ದೊರೆತುದರ ಗುರುತು. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಬಲಿಪೀಠದ ಬಳಿಯೇ ಬಿಟ್ಟು ಮೊದಲು ಅವನೊಡನೆ ಒಂದಾಗಬೇಕೆಂಬುದು ಯೇಸುವಿನ ಬೋಧನೆ. ಈ ವಯಸ್ಸಿನಲ್ಲಿ, ನಾನು ಹೋಗದೆ ಉಳಿದ ಒಂದೆರಡು ಮನೆಗಳು ನನಗೂ ನೆನಪಾಗುತ್ತಿವೆ.